ಒಲೆ ಹಚ್ಚದ ಭಾನುವಾರಗಳು

ಇವತ್ತೂ ಐದೂವರೆಗೇ ಎಚ್ಚರವಾಯಿತು. ಭಾನುವಾರ ಎಂಬುದು ಕಣ್ಣಿಗೆ ಗೊತ್ತಿರುವುದಿಲ್ಲ. ಗೇಟಿಗೆ ನೇತುಹಾಕಿದ್ದ ಬಟ್ಟೆಯ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡೆ. ಮಾಗಿಯ ಚಳಿಗೆ ಅದು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಬಾಗಿಲಿಗೆ ನೀರು ಹಾಕಿ, ನಾಲ್ಕು ಎಳೆ ರಂಗೋಲಿ ಎಳೆದು ಒಳಗೆ ಬಂದು, ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಡಿಕಾಕ್ಷನ್‌ಗೆ ನೀರು ಇಟ್ಟೆ. ಹಾಲು ಉಕ್ಕುವ ಮೊದಲು ನಿನ್ನೆಯ ಪಾತ್ರೆಗಳನ್ನು ತೊಳೆದಿಟ್ಟೆ. ಭಾನುವಾರ ನಮ್ಮ ಮನೆಗೆಲಸದ ಮಂಜುಳಾ ಬರುವುದಿಲ್ಲ. ಮೂರು ವರ್ಷದ ಹಿಂದಿನ ಆ ವರ್ಷದಿಂದ ಈ ಮನೆಯಲ್ಲಿ ಉಳಿದುಕೊಂಡಿರುವುದು ಅವಳ ಆ ರಜೆಯೊಂದೇ.

ನಮ್ಮವರು ಕಾಫಿ ಲೋಟ ಹಿಡಿದು ಫೋನ್ ನೋಡುತ್ತಾ, “ತಿಂಡಿ ಏನು?” ಎಂದರು. ಮಗಳು ನಿಧಿ ಕಾಲೇಜಿನ ಪ್ರಾಜೆಕ್ಟ್ ಮುಗಿಸಿ ಇನ್ನೂ ಮಲಗಿದ್ದಳು. ನಾನು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಬೀದಿಯ ತುದಿಯಿಂದ ತಳ್ಳುಗಾಡಿಯವನ ಕೂಗು ಕೇಳಿಸಿತು. “ಅವರೇಕಾಯ್! ಸೊಗಡಿನ ಅವರೇಕಾಯ್!”

ಕೊಳ್ಳಬೇಕೆಂದು ಅಂದುಕೊಂಡಿರಲಿಲ್ಲ. ಎರಡು ವರ್ಷದಿಂದ ನಾನು ಅವರೇಕಾಯಿ ಕೊಂಡಿಲ್ಲ. ಜೆ.ಪಿ. ನಗರದಲ್ಲಿ, ಅದೂ ಸಾರಕ್ಕಿ ಮಾರ್ಕೆಟ್ಟಿನ ಇಷ್ಟು ಹತ್ತಿರ ಇದ್ದುಕೊಂಡು ಎರಡು ಚಳಿಗಾಲ ಅವರೇಕಾಯಿ ತಿನ್ನದೆ ಕಳೆಯುವುದು ಸುಲಭವಲ್ಲ, ಆದರೂ ಕಳೆದಿದ್ದೆ. ಇವತ್ತು ಅದೇಕೋ ಚಪ್ಪಲಿ ಮೆಟ್ಟಿಕೊಂಡು ಹೋಗಿ ಎರಡು ಕೆಜಿ ತೂಗಿಸಿಕೊಂಡು ಬಂದೆ. ಪೇಪರ್ ಹಾಸಿ ಸುಲಿಯಲು ಕೂತೆ. ಮೊದಲ ಕಾಯಿ ಬಿರಿದದ್ದೇ ತಡ, ಆ ವಾಸನೆ ಎದ್ದಿತು. ಹಸಿರು, ಸ್ವಲ್ಪ ಎಣ್ಣೆ, ಸ್ವಲ್ಪ ಒಗರು. ಒಮ್ಮೆ ಬೆರಳಿಗೆ ಹತ್ತಿದರೆ ಸೋಪು ಹಾಕಿದರೂ ಎರಡು ದಿನ ಬಿಡುವುದಿಲ್ಲ. ಆ ಸೊಗಡಿನೊಳಗೆ ನನ್ನ ಅತ್ತೆ ಇದ್ದಾರೆ. ಅದಕ್ಕೇ ನಾನು ಅದನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ.

ಆ ವರ್ಷ ಶುರುವಾದದ್ದು ಬನಶಂಕರಿಯ ಸಿಗ್ನಲ್ಲಿನಲ್ಲಿ.

ನಿಧಿ ಆಗ ಪಿಯುಸಿ. ಬೆಳಿಗ್ಗೆ ಆರಕ್ಕೆ ಪದ್ಮನಾಭನಗರದಲ್ಲಿ ಅವಳಿಗೆ ಟ್ಯೂಷನ್. ನಾಲ್ಕೂಕಾಲಿಗೆ ಎದ್ದು, ಡಬ್ಬಿಗೆ ಚಪಾತಿ ಮಾಡಿ, ಅವಳನ್ನು ಸ್ಕೂಟರಿನಲ್ಲಿ ಬಿಟ್ಟು ಬಂದು, ನಮ್ಮವರನ್ನು ಬ್ಯಾಂಕಿಗೆ ಕಳಿಸಿ, ಅತ್ತೆಯ ಬಿಪಿ ಮಾತ್ರೆ, ಮಧ್ಯಾಹ್ನದ ಅಡುಗೆ, ಸಂಜೆ ಮತ್ತೊಂದು ಟ್ಯೂಷನ್. ಶನಿವಾರ, ಭಾನುವಾರ ಇನ್ನೂ ಹೆಚ್ಚು, ಯಾಕೆಂದರೆ ಎಲ್ಲರೂ ಮನೆಯಲ್ಲಿರುತ್ತಾರೆ. ಒಂದು ದಿನ ಅವಳನ್ನು ಬಿಟ್ಟು ವಾಪಸ್ ಬರುವಾಗ ಸಿಗ್ನಲ್ ಕೆಂಪಾಗಿತ್ತು. ಕಾಲು ನೆಲಕ್ಕೆ ಊರಿ ನಿಂತೆ. ಆಮೇಲೆ ಕೇಳಿಸಿದ್ದು ಹಾರ್ನುಗಳು. ನಿಂತಲ್ಲೇ ನಿದ್ದೆ ಹೋಗಿದ್ದೆ. ಪಕ್ಕದಿಂದ ಆಟೋದವನು ತಲೆ ಹೊರಗೆ ಹಾಕಿ, “ಏನ್ ಮೇಡಂ, ದಿಂಬು ತಂದ್ಕೊಡ್ಲಾ? ಎರಡ್ ಸಲ ಗ್ರೀನ್ ಬಂದು ಹೋಯ್ತು!” ಎಂದ. ಹಿಂದೆ ಯಾರೋ ನಕ್ಕರು. ನಾನೂ ನಗಬೇಕೆಂದುಕೊಂಡೆ. ನಗು ಬರಲಿಲ್ಲ. ಸ್ಕೂಟರನ್ನು ಬದಿಗೆ ತಳ್ಳಿ, ಹೆಲ್ಮೆಟ್ಟಿನೊಳಗೇ ಅತ್ತುಬಿಟ್ಟೆ. ಹೆಲ್ಮೆಟ್ ಹಾಕಿಕೊಂಡು ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಮನೆಗೆ ಬರುವ ದಾರಿಯಲ್ಲಿ ಸಿಸ್ಟರ್ ಬೆನಿಟಾ ನೆನಪಾದರು.

ಅಮ್ಮನಿಗೆ ಕಾಯಿಲೆಯಾಗಿದ್ದ ಮೂರು ವರ್ಷ ನಾನು ಮೈಸೂರಿನಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದೆ. ಸಿಸ್ಟರ್ ಬೆನಿಟಾ ನಮಗೆ ಹೊಲಿಗೆ ಕಲಿಸುತ್ತಿದ್ದವರು. ವಾರದ ಆರು ದಿನ ಅವರ ಕೈಯಲ್ಲಿ ಸೂಜಿ ಇಲ್ಲದ್ದನ್ನು ನಾನು ನೋಡಿಯೇ ಇಲ್ಲ. ಭಾನುವಾರ ಮಾತ್ರ ಹೊಲಿಗೆ ಸಾಮಾನಿನ ಬೀರುವಿಗೆ ಬೀಗ ಹಾಕಿ, ಗುಲ್‌ಮೊಹರ್ ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ಎರಡು ಕೈಯನ್ನೂ ಅಂಗಾತ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದರು. “ಬೋರ್ ಆಗಲ್ವಾ ಸಿಸ್ಟರ್?” ಎಂದು ಒಮ್ಮೆ ಕೇಳಿದ್ದೆ. “ಆಗುತ್ತೆ ಮಗು. ಬೋರ್ ಆಗಿ ಆಗಿ ಮುಗಿದ ಮೇಲೆ ಒಂದು ನೆಮ್ಮದಿ ಬರುತ್ತೆ. ಅದಕ್ಕೇ ಕಾಯ್ತಾ ಇದೀನಿ” ಎಂದಿದ್ದರು. ಆ ದಿನ ನಮಗೆ ಬ್ರೆಡ್ಡು, ಬಾಳೆಹಣ್ಣು, ಹಿಂದಿನ ದಿನದ ಚಟ್ನಿ. ಅಡುಗೆಯ ಆಯಾಗೂ ರಜೆ. “ನಾನು ಕೂತ್ಕೊಂಡು ಅವಳು ಬೇಯಿಸಿದ್ರೆ ಅದು ರಜೆ ಅಲ್ಲ. ನನ್ನ ಭಾರ ಅವಳ ತಲೆ ಮೇಲೆ ಇಟ್ಟ ಹಾಗೆ” ಎನ್ನುತ್ತಿದ್ದರು.

ನಾನು ಆ ಧರ್ಮದವಳಲ್ಲ. ಆದರೆ ಆ ಅಂಗಾತ ಇಟ್ಟ ಕೈಗಳು ನನ್ನೊಳಗೆ ಎಲ್ಲೋ ಉಳಿದುಕೊಂಡಿದ್ದವು.

ಮನೆಯಲ್ಲಿ ಹೇಳಿದೆ. ಶನಿವಾರ ಸಂಜೆ ಊಟದ ಪಾತ್ರೆ ತೊಳೆದ ಮೇಲೆ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿಬಿಡುತ್ತೇನೆ. ಭಾನುವಾರ ಸಂಜೆ ದೀಪ ಹಚ್ಚುವವರೆಗೆ ಈ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮೊಸರವಲಕ್ಕಿ, ಕೋಸಂಬರಿ, ಹಣ್ಣು, ಹಿಂದಿನ ದಿನದ ಚಪಾತಿ. ಟ್ಯೂಷನ್ ಇಲ್ಲ. ಮಂಜುಳಾಗೂ ರಜೆ.

ನಮ್ಮವರು ಕನ್ನಡಕದ ಮೇಲಿಂದ ನೋಡಿ, “ಸರಿ, ಆನ್‌ಲೈನ್‌ನಲ್ಲಿ ತರಿಸಿದ್ರಾಯ್ತು” ಎಂದರು.

“ತರಿಸೋ ಹಾಗಿಲ್ಲ. ಅದನ್ನೂ ಯಾರೋ ಬೇಯಿಸ್ಬೇಕು, ಇನ್ಯಾರೋ ಬಿಸಿಲಲ್ಲಿ ಗಾಡಿ ಓಡಿಸ್ಬೇಕು.”

“ಓ, ಬಂದ್‌!” ಎಂದಳು ನಿಧಿ. “ಹಾಲು, ಆಂಬುಲೆನ್ಸ್ ಬಿಟ್ಟು ಎಲ್ಲಾ ಬಂದ್. ಅಮ್ಮಾ, ಬಸ್ ಓಡುತ್ತಾ?”

ಎಲ್ಲರೂ ನಕ್ಕೆವು, ಅತ್ತೆಯೊಬ್ಬರನ್ನು ಬಿಟ್ಟು. ನಮ್ಮ ಅತ್ತೆ ಕಮಲಮ್ಮನವರಿಗೆ ಆಗ ಎಪ್ಪತ್ತೆಂಟು. ಹದಿನೇಳನೇ ವಯಸ್ಸಿಗೆ ಮದುವೆಯಾಗಿ ಬಂದಾಗಿನಿಂದ ಅವರು ಒಲೆ ಹಚ್ಚದ ದಿನ ಎಂದರೆ ಹೆರಿಗೆಯ ದಿನಗಳು, ಸೂತಕದ ದಿನಗಳು. ತಿಳಿಸಾರಿನ ಬಟ್ಟಲನ್ನು ಕೆಳಗಿಟ್ಟು ಕೇಳಿದರು.

“ಒಲೆ ತಣ್ಣಗಿರೋದು ಸಾವಾದ ಮನೇಲಿ ಕಣೇ ವಸು. ಈಗ ಯಾರು ಸತ್ತಿದಾರೆ?”

“ಯಾರೂ ಸತ್ತಿಲ್ಲ ಅತ್ತೆ. ಸಾಯೋಕೆ ಮುಂಚೆ ಒಂದಿಷ್ಟು ಕೂತ್ಕೋತೀನಿ ಅಂತಿದೀನಿ, ಅಷ್ಟೇ.”

ಮೆಲ್ಲಗೇ ಹೇಳಿದ್ದೆ. ಆದರೂ ಅವರು ಬಟ್ಟಲು ಎತ್ತಿಕೊಂಡು ಎದ್ದುಹೋದರು.

ಮೊದಲ ಭಾನುವಾರ ಫ್ಲಾಸ್ಕಿನ ಕಾಫಿ. ಹಿಂದಿನ ಸಂಜೆ ಬೆರೆಸಿಟ್ಟದ್ದು ಬೆಳಿಗ್ಗೆಗೆ ಉಗುರುಬೆಚ್ಚಗೂ ಇರಲಿಲ್ಲ. ಅತ್ತೆ ಒಂದು ಗುಟುಕು ಕುಡಿದು, “ಇದು ಕಾಫಿನಾ, ಕಾಲ್ತೊಳೆಯೋ ನೀರಾ?” ಎಂದರು. ಮರುವಾರ ನಮ್ಮವರು ಎಲೆಕ್ಟ್ರಿಕ್ ಕೆಟಲ್ ತಂದರು, ಕಾಫಿಗೆ ಮಾತ್ರ ವಿನಾಯಿತಿ ಎಂದು ತೀರ್ಮಾನವಾಯಿತು. ಆದರೆ ಕಾಫಿ ಕುಡಿದ ಮೇಲೆ ಅತ್ತೆಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ನಿಲ್ಲುವರು. ಡಬ್ಬಿಗಳ ಮುಚ್ಚಳ ತೆಗೆದು ನೋಡಿ ಮುಚ್ಚುವರು. ತೊಳೆದಿಟ್ಟ ಲೋಟವನ್ನು ಮತ್ತೆ ತೊಳೆಯುವರು. ಹಾಲ್‌ನ ದಿವಾನದ ಮೇಲೆ ಮಲಗಿದ್ದ ನನಗೆ ಪ್ರತಿ ಸದ್ದಿಗೂ ಎಚ್ಚರವಾಗಿ, “ಅತ್ತೇ, ಬಿಡಿ, ಕೂತ್ಕೊಳಿ” ಎನ್ನುತ್ತಿದ್ದೆ. “ಹೂಂ, ಹೂಂ, ನೀನ್ ಮಲ್ಕೋ” ಎನ್ನುವರು. ಐದು ನಿಮಿಷಕ್ಕೆ ಮತ್ತೊಂದು ತಟ್ಟೆಯ ಸದ್ದು.

ಮೂರನೆಯದೋ ನಾಲ್ಕನೆಯದೋ ಭಾನುವಾರ ಅವರು ಕಾಫಿ ಕುಡಿದವರೇ ಸೀರೆ ಬದಲಿಸಿ, ಹೂವಿನ ಬುಟ್ಟಿ ಹಿಡಿದು ಹೊರಟರು. “ಎಲ್ಲಿಗೆ ಅತ್ತೆ?” “ಆಂಜನೇಯನ ಗುಡಿಗೆ.” ಮೂರು ಕ್ರಾಸ್ ಆಚೆ ಇರುವ ಗುಡಿ. ಎಂಟೂವರೆಗೆ ಹೋದವರು ಹನ್ನೆರಡೂವರೆಗೆ ಬಂದರು. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಹಾಗೇ. ನಾಲ್ಕು ತಾಸು ಗುಡಿಯಲ್ಲಿ ಏನು ಮಾಡುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಗೊತ್ತಿತ್ತು. ಒಲೆ ತಣ್ಣಗಿರುವ ಮನೆಯಲ್ಲಿ ಅವರು ಇರಲಾರರು. ನನ್ನ ಮೇಲೆ ಮುನಿದು ಎದ್ದುಹೋಗುತ್ತಿದ್ದಾರೆ.

ಅಷ್ಟು ತಿಳಿದೂ ನಾನು ನಿಲ್ಲಿಸಲಿಲ್ಲ. ನಿಜ ಹೇಳಬೇಕೆಂದರೆ, ಅವರು ಗೇಟಿನ ಚಿಲಕ ಹಾಕಿಕೊಂಡು ಹೋದ ಸದ್ದು ಕೇಳಿದ ಮೇಲೆಯೇ ನನಗೆ ನಿದ್ದೆ ಹತ್ತುತ್ತಿತ್ತು. ಆ ನಿದ್ದೆ! ಕಿಟಕಿಯ ಸರಳುಗಳು ನೆಲದ ಮೇಲೆ ಬಿಸಿಲಿನ ಚೌಕಗಳನ್ನು ಬಿಡಿಸಿ, ಅವು ಮೆಲ್ಲಗೆ ದಿವಾನಕ್ಕೆ ಹತ್ತಿ, ನನ್ನ ಪಾದದ ಮೇಲೆ ಬಂದು ಕೂರುವವರೆಗೆ. ಎಚ್ಚರವಾದ ಮೇಲೂ ಏಳದೆ ಸುಮ್ಮನೆ ನೋಡುತ್ತಿದ್ದೆ. ಫ್ಯಾನಿನ ಒಂದು ರೆಕ್ಕೆಯ ಮೇಲೆ ಮಾತ್ರ ಧೂಳು ಜಾಸ್ತಿ. ಎದುರು ಮನೆಯ ಹೊಂಗೆ ಮರಕ್ಕೆ ಹತ್ತು ಗಂಟೆಗೆ ಗಿಳಿಗಳು ಬರುತ್ತವೆ. ಹದಿನೆಂಟು ವರ್ಷ ಅದೇ ಮನೆಯಲ್ಲಿದ್ದೆ, ಗಿಳಿ ಬರುವುದು ಗೊತ್ತಿರಲಿಲ್ಲ. ನಿಧಿಯ ಕೂದಲಿಗೆ ಎಣ್ಣೆ ಹಚ್ಚಿ, ಅವಸರವಿಲ್ಲದೆ ಜಡೆ ಹಾಕುತ್ತಿದ್ದೆ. ಏಪ್ರಿಲ್ ಹೊತ್ತಿಗೆ ನಮ್ಮವರು ತಾವಾಗಿಯೇ ಫೋನನ್ನು ಮೇಜಿನ ಖಾನೆಗೆ ಹಾಕತೊಡಗಿದರು. ಒಂದು ದಿನ ನನ್ನ ಪಕ್ಕ ಕೂತು, “ನಿನ್ನ ಕಿವಿ ಹಿಂದೆ ಮಚ್ಚೆ ಇದೆಯಲ್ಲ, ಯಾವಾಗಿಂದ?” ಎಂದು ಕೇಳಿದರು. “ಹುಟ್ಟಿದಾಗಿಂದ” ಎಂದೆ. ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು.

ಸೋಮವಾರಗಳು ಬದಲಾದವು. ಸಿಗ್ನಲ್ಲಿನಲ್ಲಿ ನಿದ್ದೆ ಬರುತ್ತಿರಲಿಲ್ಲ. ನಿಧಿಯ ಮೇಲೆ ಕೂಗುವುದು ಕಡಿಮೆಯಾಯಿತು. ಮಂಜುಳಾ ಒಂದು ದಿನ ನೆಲ ಒರೆಸುತ್ತಾ, “ಅಕ್ಕಾ, ನಿನ್ನೆ ನಾನೂ ನನ್ನ ಮಗಳೂ ಮಧ್ಯಾಹ್ನದ ತನಕ ಮಲಗಿದ್ವಿ. ಪಕ್ಕದ ಮನೆಯೋರು ಬಂದು ಬಾಗಿಲು ಬಡಿದ್ರು, ಏನಾಯ್ತೋ ಅಂತ” ಎಂದು ನಕ್ಕಳು. ಸಿಸ್ಟರ್ ಬೆನಿಟಾ ಹೇಳಿದ್ದ ನೆಮ್ಮದಿ ಇದೇ ಇರಬೇಕು ಎನಿಸಿತು. ಅದರ ಒಂದು ಮೂಲೆಯಲ್ಲಿ ಮಾತ್ರ ಯಾವಾಗಲೂ ಮುಳ್ಳು: ಈ ಸುಖದಿಂದ ಎದ್ದುಹೋಗಿ ಎಪ್ಪತ್ತೆಂಟರ ಒಂದು ಜೀವ ಗುಡಿಯ ಕಲ್ಲಿನ ಮೇಲೆ ಕೂತಿದೆ.

ಶ್ರಾವಣದ ಒಂದು ಭಾನುವಾರ ಹನ್ನೊಂದಕ್ಕೆ ಧೋ ಎಂದು ಮಳೆ ಬಂತು. ಅತ್ತೆ ಛತ್ರಿ ಒಯ್ದಿರಲಿಲ್ಲ. ನಾನೇ ಛತ್ರಿ ತೆಗೆದುಕೊಂಡು ಗುಡಿಗೆ ಹೋದೆ. ಗುಡಿಯಲ್ಲಿ ಅವರಿರಲಿಲ್ಲ. ಪೂಜಾರಿಯನ್ನು ಕೇಳಿದರೆ, “ಬೆಳಿಗ್ಗೆನೇ ಮಂಗಳಾರತಿ ತಗೊಂಡು ಹೋದ್ರಲ್ಲ” ಎಂದರು. ಒದ್ದೆಯಾದ ಮೆಟ್ಟಿಲ ಮೇಲೆ ನಿಂತು ನಾನು ರಸ್ತೆಯ ಎರಡೂ ಕಡೆ ನೋಡಿದೆ. ಪಾರ್ಕಿನ ಬೆಂಚಿನ ಮೇಲೋ, ಬಸ್‌ ಸ್ಟಾಪಿನಲ್ಲೋ, ಎಲ್ಲೋ ಒಂದು ಕಡೆ ಕೂತು ಹೊತ್ತು ಕಳೆಯುತ್ತಾರೆ, ಮನೆಗೆ ಬರಲು ಮನಸ್ಸಿಲ್ಲದೆ. ಹಾಗೆಂದುಕೊಂಡೇ ವಾಪಸ್ ಬಂದೆ. ಹನ್ನೆರಡೂವರೆಗೆ ಸರಿಯಾಗಿ ಅತ್ತೆ ಒಂದು ಹನಿಯೂ ತಾಗದೆ ಬಂದರು. ಕೈಯಲ್ಲಿ ಗುಲಾಬಿ ಬಣ್ಣದ, ಅಂಚಿಗೆ ಬೆಕ್ಕಿನ ಚಿತ್ರಗಳಿದ್ದ ಛತ್ರಿ.

“ಯಾರದ್ದತ್ತೆ ಇದು?”

“ಯಾರೋ ಹುಡುಗಿ ಕೊಟ್ಲು. ಮಳೇಲಿ ನೆನೀಬೇಡಿ ಅಜ್ಜಿ ಅಂತ.”

ಅವರು ಅದನ್ನು ಒಣಗಿಸಿ, ಮಡಚಿ, ಹೊರಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ವಾಪಸ್ ಕೊಡಬೇಕು ಎಂದು ಒಂದೆರಡು ಸಲ ಹೇಳಿಕೊಂಡರು. ಮರೆತರು. ಅದು ಅಲ್ಲೇ ಉಳಿಯಿತು.

ಡಿಸೆಂಬರಿನಲ್ಲಿ ಮತ್ತೆ ಅವರೇಕಾಯಿ ಬಂತು. ಅತ್ತೆ ಹಿದುಕಿದ ಬೇಳೆಗೆ ಹೆಸರಾದವರು. ನೆನೆಸಿದ ಕಾಳನ್ನು ಬೆರಳಲ್ಲಿ ಒತ್ತಿ, ಸಿಪ್ಪೆಯಿಂದ ಬೇಳೆ ಹಾರಿಸುವುದು. ನಾವೆಲ್ಲ ಒಂದೊಂದೇ ಹಿಡಿದು ಒತ್ತಿದರೆ ಅವರು ಎರಡು ಕೈಯಲ್ಲೂ ಒಟ್ಟಿಗೆ, ನೋಡದೆಯೇ. ಟಿವಿ ನೋಡುತ್ತಲೇ ಒಂದು ಬಟ್ಟಲು ತುಂಬಿಸಿಬಿಡುತ್ತಿದ್ದರು. ಆ ತಿಂಗಳು ಭಾನುವಾರ ಮಧ್ಯಾಹ್ನ ಅವರು ಬಂದು ಪಕ್ಕದಲ್ಲಿ ಕೂತಾಗ ಬೆರಳುಗಳಿಂದ ಸೊಗಡು ಬರುತ್ತಿತ್ತು, ಬೆರಳ ತುದಿಗಳು ನೀರಲ್ಲಿ ನೆನೆದಂತೆ ಸುಕ್ಕಾಗಿರುತ್ತಿದ್ದವು. ಶನಿವಾರ ನಮ್ಮ ಮನೆಯಲ್ಲಿ ಹಿದುಕಿದ್ದರ ವಾಸನೆ ಇನ್ನೂ ಹೋಗಿಲ್ಲ ಎಂದುಕೊಂಡೆ. ಸಣ್ಣ ಸಣ್ಣದನ್ನೆಲ್ಲ ಗಮನಿಸುತ್ತೇನೆ ಎಂದು ನನಗೆ ಹೆಮ್ಮೆ. ಗಮನಿಸಿದ್ದೆ ನಿಜ.

ಜನವರಿಯ ಮೊದಲ ಭಾನುವಾರ. ಮರುದಿನದಿಂದ ನಿಧಿಗೆ ಪ್ರಿಪರೇಟರಿ ಪರೀಕ್ಷೆ. ನನಗೆ ಹಿಂದಿನ ದಿನದಿಂದಲೇ ತಲೆನೋವು. ಏಳು ಗಂಟೆಗೆ ಮಂಪರಿನಲ್ಲಿದ್ದಾಗ ಅಡುಗೆಮನೆಯಿಂದ ಕಾವಲಿಯ ಸದ್ದು, ಎಣ್ಣೆಯ ವಾಸನೆ. ಹೋಗಿ ನೋಡಿದರೆ ಅತ್ತೆ ರೆಗ್ಯುಲೇಟರ್ ತಿರುಗಿಸಿ, ಒಲೆ ಹಚ್ಚಿ, ಅವರೇಕಾಳು ಹಾಕಿದ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು.

“ಮಗು ಬಿಸಿದು ಕೇಳ್ತು ಕಣೇ. ಪರೀಕ್ಷೆ ಅಲ್ವಾ. ಎರಡೇ ಎರಡು...”

ನನಗೆ ಏನಾಯಿತೋ. ಹೋಗಿ ಒಲೆ ಆರಿಸಿದೆ. ಅವರ ಕೈಯಿಂದ ಮಗುಚುವ ಕೈ ತೆಗೆದುಕೊಂಡು ಸಿಂಕಿಗೆ ಹಾಕಿದೆ. ಅದು ದೊಡ್ಡ ಸದ್ದು ಮಾಡಿತು.

“ವಾರಕ್ಕೆ ಒಂದು ದಿನ ಕೇಳಿದ್ದು ಅತ್ತೆ ನಾನು. ಒಂದೇ ಒಂದು ದಿನ. ಅಷ್ಟೂ ಕೊಡೋಕಾಗಲ್ವಾ ನಿಮ್ಗೆ?”

ಇಪ್ಪತ್ತೊಂದು ವರ್ಷದಲ್ಲಿ ನಾನು ಅವರ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಅವರು ಕೈ ತೊಳೆದುಕೊಂಡರು. ಸೆರಗಿಗೆ ಒರೆಸಿಕೊಂಡರು. ಕಾಫಿಯನ್ನೂ ಕುಡಿಯದೆ ಹೂವಿನ ಬುಟ್ಟಿ ಹಿಡಿದು ಹೊರಟುಹೋದರು. ಕಾವಲಿಯ ಮೇಲೆ ಅರೆಬೆಂದ ರೊಟ್ಟಿ, ಅದರ ಮೇಲೆ ಅವರ ನಾಲ್ಕು ಬೆರಳ ಗುರುತು. ಅವತ್ತು ನಾನು ಮಲಗಲಿಲ್ಲ. ದಿವಾನದ ಮೇಲೆ ಕೂತು ಗೇಟು ನೋಡುತ್ತಿದ್ದೆ. ಬಂದ ತಕ್ಷಣ ತಪ್ಪಾಯಿತು ಎಂದುಬಿಡಬೇಕು. ಹನ್ನೆರಡೂವರೆ ಆಯಿತು, ಬರಲಿಲ್ಲ. ಒಂದಾಯಿತು. ಒಂದೂಮುಕ್ಕಾಲಿಗೆ ಬಂದರು. ಮುಖ ಕೆಂಪಾಗಿತ್ತು. ಕೋಪ ಎಂದುಕೊಂಡೆ. “ತಪ್ಪಾಯ್ತತ್ತೆ” ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ನೇರವಾಗಿ ಕೋಣೆಗೆ ಹೋಗಿ ಮಲಗಿಬಿಟ್ಟರು. ಸಂಜೆ ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು.

ಮಂಗಳವಾರ ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ ಎಂದರು. ಅಲ್ಲಿ ಹತ್ತು ದಿನ. ಎಚ್ಚರ ತಪ್ಪಿದಾಗ ಅವರ ಬೆರಳುಗಳು ಹೊದಿಕೆಯ ಅಂಚನ್ನು ಒತ್ತುತ್ತಿದ್ದವು, ಎರಡು ಕೈಯೂ ಒಟ್ಟಿಗೆ. ಎಚ್ಚರವಿದ್ದಾಗ ಒಮ್ಮೆ ನನ್ನನ್ನೇ ನೋಡಿದರು.

“ಇವತ್ತು ಯಾವ ವಾರ?”

“ಭಾನುವಾರ ಅತ್ತೆ.”

“ಮತ್ತೆ ನೀನ್ಯಾಕೆ ಬಂದೆ? ಹೋಗು, ಮನೇಲಿ ಮಲ್ಕೋ.”

ಅದು ನನ್ನ ಎದೆಗೆ ನೇರವಾಗಿ ನಾಟಿತು. ಸಾವಿನ ಹತ್ತಿರ ಹೋದರೂ ಕ್ಷಮಿಸಲಿಲ್ಲ, ಕುಟುಕಿದರು ಎನಿಸಿತು. ಕ್ಷಮೆ ಕೇಳಬೇಕೆಂದು ಕೂಡಿಸಿಟ್ಟುಕೊಂಡಿದ್ದ ಮಾತನ್ನು ಆಡಲಿಲ್ಲ. ನೀರು ಕುಡಿಸಿದೆ. ಅಷ್ಟೇ. ಶುಕ್ರವಾರ ಬೆಳಿಗ್ಗೆ ಅವರು ಹೋದರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯ ಒಲೆ ನಿಜಕ್ಕೂ ತಣ್ಣಗಿತ್ತು. ಅಕ್ಕಪಕ್ಕದವರು ಅನ್ನ, ಸಾರು ತಂದಿಟ್ಟು ಮೆತ್ತಗೆ ಹೋಗುತ್ತಿದ್ದರು. ಖಾಲಿ ಒಲೆಯ ಮುಂದೆ ನಿಂತರೆ ಅತ್ತೆಯ ಮಾತೇ ಕೇಳಿಸುತ್ತಿತ್ತು: ಈಗ ಯಾರು ಸತ್ತಿದಾರೆ? ಒಂದು ವರ್ಷ ಒಲೆ ತಣ್ಣಗಿಟ್ಟು ಸಾವನ್ನು ನಾನೇ ಈ ಮನೆಗೆ ಕರೆದೆನೇ ಎಂಬ ಹುಚ್ಚು ಯೋಚನೆಯೂ ಬಂತು. ನಮ್ಮವರಿಗೆ ಹೇಳಿದೆ. “ಹಾಗೆಲ್ಲ ಮಾತಾಡ್ಬೇಡ” ಎಂದರು. ವೈಕುಂಠ ಸಮಾರಾಧನೆ ಮುಗಿದ ಮರುದಿನ ಒಲೆ ಹಚ್ಚಿದೆ. ಅಂದಿನಿಂದ ಇಂದಿನವರೆಗೆ ಒಂದು ಭಾನುವಾರವೂ ರೆಗ್ಯುಲೇಟರ್ ತಿರುಗಿಸಿಲ್ಲ. ಗಿಳಿಗಳು ಬರುತ್ತವೋ ಇಲ್ಲವೋ ಗೊತ್ತಿಲ್ಲ. ಕೆಟಲ್ ಅಟ್ಟದ ಮೇಲಿದೆ. ಅತ್ತೆಯ ಕೊನೆಯ ವರ್ಷದ ಭಾನುವಾರಗಳನ್ನೆಲ್ಲ ಕಿತ್ತುಕೊಂಡವಳಿಗೆ ತನ್ನ ಭಾನುವಾರ ಇಟ್ಟುಕೊಳ್ಳುವ ಹಕ್ಕು ಎಲ್ಲಿಂದ ಬರಬೇಕು?

ಇದೆಲ್ಲ ಸುಲಿಯುತ್ತಾ ಸುಲಿಯುತ್ತಾ ಬಂತು. ಕಾಳನ್ನು ನೀರಿಗೆ ಹಾಕಿ, ಉಪ್ಪಿಟ್ಟು ಕೆದಕಿ, ಬಟ್ಟೆ ಒಣಹಾಕಿ, ಮಧ್ಯಾಹ್ನದ ಅಡುಗೆ ಮಾಡಿದೆ. ಸಂಜೆ ಐದರ ಹೊತ್ತಿಗೆ ಕಾಳು ನೆನೆದು ಉಬ್ಬಿದ್ದವು. ಬೋಗುಣಿ ತೆಗೆದುಕೊಂಡು ಹೊರಬಾಗಿಲ ಮೆಟ್ಟಿಲ ಮೇಲೆ, ಇಳಿಬಿಸಿಲಿಗೆ ಬೆನ್ನು ಕೊಟ್ಟು ಹಿದುಕಲು ಕೂತೆ. ಎರಡು ಕೈಯಲ್ಲೂ ಒಟ್ಟಿಗೆ ಪ್ರಯತ್ನಿಸಿದೆ. ಎಡಗೈಯ ಬೇಳೆ ಹಾರಿ ರಂಗೋಲಿಯ ಮೇಲೆ ಬಿತ್ತು.

“ಏನಮ್ಮ ವಸುದಮ್ಮ, ಬೀದಿಗೆ ಬಿತ್ತನೆ ಮಾಡ್ತಿದ್ದೀಯಾ?”

ಗೌರಮ್ಮ. ಹಳೇ ಸಾರಕ್ಕಿ ಊರಿನವರು. ಈ ಬಡಾವಣೆ ಆಗುವ ಮುಂಚೆ ಅವರ ಮಾವ ಇಲ್ಲೇ ರಾಗಿ, ಅವರೆ ಬೆಳೆಯುತ್ತಿದ್ದರಂತೆ. ಈಗ ಆಂಜನೇಯನ ಗುಡಿಯಿಂದ ನಾಲ್ಕನೇ ಮನೆ ಅವರದು. ಕೆಳಗೆ ಅವರಿದ್ದಾರೆ, ಮೇಲಿನ ಮೂರು ಮಹಡಿಯಲ್ಲಿ ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದ ಹುಡುಗಿಯರ ಪಿಜಿ. ನನಗೆ ಅವರ ಪರಿಚಯ ತರಕಾರಿ ಗಾಡಿಯ ಹತ್ತಿರ, ಹಬ್ಬದ ಅರಿಶಿನ ಕುಂಕುಮಕ್ಕೆ, ಅಷ್ಟೇ. ಅತ್ತೆ ಹೋದಾಗ ಎರಡು ದಿನ ಅನ್ನ ಕಳಿಸಿದ್ದರು.

“ಬನ್ನಿ ಗೌರಮ್ಮನೋರೇ, ಕೂತ್ಕೊಳಿ.”

ಗುಡಿಯಿಂದ ಬಂದಿದ್ದರು, ಮುಡಿಯಲ್ಲಿ ತುಳಸಿ ಇತ್ತು. ಮಂಡಿ ಹಿಡಿದುಕೊಂಡು ಪಕ್ಕದ ಮೆಟ್ಟಿಲ ಮೇಲೆ ಕೂತು, ಹೇಳದೆ ಕೇಳದೆ ಬೋಗುಣಿಗೆ ಕೈ ಹಾಕಿದರು. “ಈ ಸಲ ಸೊಗಡೇ ಇಲ್ಲ ಬಿಡಮ್ಮ. ಬರೀ ನೀರುಕಾಯಿ” ಎನ್ನುತ್ತಾ ಟಪಟಪನೆ ಹಿದುಕತೊಡಗಿದರು. ಎರಡು ಕೈಯಲ್ಲೂ ಒಟ್ಟಿಗೆ. ನಾನು ನೋಡುತ್ತಿದ್ದೆ. ಅವರ ಕಣ್ಣು ಬಾಗಿಲ ಪಕ್ಕದ ಮೊಳೆಯ ಕಡೆಗೆ ಹೋಯಿತು.

“ಅಯ್ ಶಿವನೆ! ಈ ಬೆಕ್ಕಿನ ಕೊಡೆ ಇಲ್ಲೈತಾ! ನಮ್ಮ ಬಾಗಲಕೋಟೆ ಹುಡುಗಿ ಇದಕ್ಕೆ ಎಷ್ಟ್ ಹುಡುಕಿದ್ಲು ಅಂತೀಯ.”

“ಅದು ಅತ್ತೆ ತಂದಿದ್ದು. ಯಾರೋ ಕೊಟ್ರು ಅಂದ್ರು...”

“ಹೂಂ ಮತ್ತೆ, ಮಳೆ ದಿನ ನಮ್ಮನೆಯಿಂದ್ಲೇ ಇಡ್ಕೊಂಡ್ ಬಂದಿದ್ದು. ಭಾನುವಾರ ಭಾನುವಾರ ಬರೋರಲ್ಲ. ಆ ಹುಡುಗೀರಿಗೆ ಭಾನುವಾರ ಬಂದ್ರೆ ಹಬ್ಬದಡುಗೆನೇ ಆಗ್ಬೇಕು, ನನ್ ಒಬ್ಬಳ ಕೈಲಿ ಎಲ್ಲಾದದು? ಇವ್ರು ಬಂದು ಹಿತ್ತಲ ಜಗಲಿ ಮೇಲೆ ಕುಂತ್ರೆ ಕಾಯಿ ತುರಿಯೋರು, ಸೊಪ್ಪು ಬಿಡಿಸೋರು. ಎರಡ್ ಕೈಲಿ ಹಿದುಕೋದು ನಾನೇ ಅವ್ರತ್ರ ಕಲ್ತಿದ್ದು. ಒಂದ್ ಲೋಟ ಕಾಫಿ ಬಿಟ್ರೆ ಏನೂ ಮುಟ್ತಿರ್ಲಿಲ್ಲ ಮಹಾತಾಯಿ. ನಿಂಗೊತ್ತಿಲ್ವಾ?”

ನನ್ನ ಬೆರಳುಗಳ ನಡುವೆ ಒಂದು ಕಾಳು ಹಾಗೇ ನಿಂತಿತ್ತು.

“ಯಾಕೆ ಬರ್ತಿದ್ರು ಗೌರಮ್ಮನೋರೇ?” ಎಂದೆ. “ಮನೇಲಿ ನಾನು ಒಲೆ ಹಚ್ಚೋಕೆ ಬಿಡಲ್ಲ ಅಂತಾನಾ? ನನ್ನ ಮೇಲೆ ಕೋಪಾನಾ?”

“ಕೋಪ ಯಾಕಮ್ಮ?” ಗೌರಮ್ಮ ರಸ್ತೆಯಲ್ಲಿ ಹೋಗುತ್ತಿದ್ದ ಯಾರಿಗೋ ತಲೆಯಾಡಿಸಿ, ಸಿಪ್ಪೆಯನ್ನು ಪೇಪರಿನ ಮೇಲೆ ಕೊಡವಿದರು. “‘ಮನೇಲಿದ್ರೆ ನನ್ ಕೈ ಸುಮ್ನಿರಲ್ಲ ಗೌರಮ್ಮ, ಏನಾರ ಒಂದ್ ಸದ್ದು ಮಾಡ್ತೀನಿ. ವಾರಕ್ಕೊಂದ್ ದಿನ ನಮ್ ಹುಡುಗಿ ಮಲಗ್ತಾಳೆ, ಎಬ್ಬಿಸ್ಬಾರ್ದು’ ಅನ್ನೋರು. ನಾನೂ ಅಂದೆ, ‘ಸರಿಯಾಗೇ ಮಾಡವ್ಳೆ ನಿಮ್ ಸೊಸೆ, ನಮ್ಮಾವ ಸೋಮವಾರ ಬಂದ್ರೆ ಎತ್ತಿನ ಹೆಗಲಿಗೆ ನೊಗಾನೇ ಇಕ್ತಿರ್ಲಿಲ್ಲ’ ಅಂತ. ಕೊನೇ ಸಲ ಬಂದಾಗಂತೂ ಮೈ ಬಿಸಿ ಇತ್ತು, ‘ಹೋಗಿ ಮಲ್ಕೊಳ್ಳಿ ಅಮ್ಮ’ ಅಂದ್ರೆ ಕೇಳ್ಬೇಕಲ್ಲ. ಹೊರಡ್ತೀನಿ ಅಂತ ಏಳೋರು, ಗಡಿಯಾರ ನೋಡೋರು, ತಿರ್ಗಾ ಕುಂತ್ಕೊಳ್ಳೋರು. ‘ನಿನ್ನೆಯಿಂದ ತಲೆನೋವು ಅಂತಿದ್ಲು, ಇನ್ನೊಂದ್ ಹತ್ ನಿಮಿಷ ಮಲಗ್ಲಿ’ ಅಂತ.”